ಮಂಕಿ ತಿರುವಿನಲ್ಲಿ ಹೊಸ ತುರಂಗ

"ಇಲ್ಲಿ ಜಟ್ಟ ಅಂದ್ರೆ ಯಾರು?"

ಕುಮಟೆಯ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಆ ಹೊತ್ತಿಗೆ ಕಾಣುತ್ತಿದ್ದದ್ದು ಒಂದು ಫಿಯೆಟ್ ಕಾರು, ಅದರ ಅಡಿಯಿಂದ ಹೊರಗೆ ಚಾಚಿದ ಎರಡು ಕಾಲು, ಅಷ್ಟೇ.

"ನಾನೇಯ. ಎಂತ ಬೇಕಿತ್ತು?" ಕಾಲುಗಳ ಕಡೆಯಿಂದ ಉತ್ತರ ಬಂತು.

"ಹೊರಗೆ ಬನ್ನಿ. ನಿಮ್ಮ ಮುಖ ನೋಡ್ಕಂಡು ಹೋಗ್ವ ಅಂತ ಭಟ್ಕಳದಿಂದ ಬಂದೆ."

ಕಾಲುಗಳು ಒಂದು ಕ್ಷಣ ಅಲ್ಲಾಡದೆ ನಿಂತವು. ಆಮೇಲೆ ಇಪ್ಪತ್ತೆಂಟರ ಆಸುಪಾಸಿನ ಒಬ್ಬ ಕಪ್ಪು ಹುಡುಗ ಬೆನ್ನ ಮೇಲೆ ಜಾರುತ್ತ ಹೊರಬಂದ. ಹಣೆಯ ಮೇಲೆ ಗ್ರೀಸು, ಕಣ್ಣಲ್ಲಿ ನಗು. ಹೆಣ್ಣುಮಗಳೊಬ್ಬಳು ತನ್ನ ಮುಖ ನೋಡಲೆಂದೇ ಅಷ್ಟು ದೂರದಿಂದ ಬಂದಿದ್ದಾಳೆ ಎಂಬ ಖುಷಿಯನ್ನು ಅವನು ಮುಚ್ಚಿಡಲಿಲ್ಲ.

ಪರಮೇಶ್ವರಿ ಕೈಯಲ್ಲಿದ್ದ ಮೋಟಾರು ಮಾಸಿಕವನ್ನು ಅವನ ಮುಖಕ್ಕೆ ಹಿಡಿದಳು. "ಇದನ್ನು ಬರೆದೋರು ನೀವಾ?"

ಅವನು ಓದಿದ. ನಗು ಇನ್ನೂ ಅಗಲವಾಯಿತು. "ಹೌದು. ಭಟ್ಕಳದ ಪ. ದು. ನಾಯ್ಕ ಅನ್ನೋರು ಹೋದ ತಿಂಗಳು ಹೊಸ ತುರಂಗ ಕಾರಿಗೆ ಬೈದು ಬರೆದಿದ್ರು. ಅದಕ್ಕೆ ಉತ್ತರ ಕೊಟ್ಟದ್ದು. ಆ ಯಜಮಾನ್ರು ನಿಮಗೆ ಎಂತ ಆಗ್ಬೇಕು?"

"ಆ ಯಜಮಾನ್ರು ನಾನೇ. ಪರಮೇಶ್ವರಿ ದುರ್ಗಪ್ಪ ನಾಯ್ಕ."

ನಗು ಹಾಗೇ ನಿಂತಿತು. ಅವಳು ಪುಟದ ಮೇಲೆ ಬೆರಳಿಟ್ಟು, ಅಕ್ಷರ ಅಕ್ಷರ ಬಿಡಿಸಿ ಓದಿದಳು: "'ನಾಯ್ಕರು ಎತ್ತಿನಗಾಡಿ ಹೊಡೆದು ಅಭ್ಯಾಸವಿದ್ದವರಿರಬೇಕು. ತಪ್ಪು ಕಾರಿನದ್ದಲ್ಲ, ಚಕ್ರ ಹಿಡಿದ ಕೈಯದ್ದು.' ಈ ಕೈ ಯಾರದ್ದು, ಗೊತ್ತಿತ್ತಾ ನಿಮಗೆ?"

ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲು ಸಾಧ್ಯವೂ ಇರಲಿಲ್ಲ.

ಅದು ಎಂಬತ್ತೆಂಟನೇ ಇಸವಿ. ರಸ್ತೆಯ ಮೇಲೆ ಎಲ್ಲಿ ನೋಡಿದರೂ ಅಂಬಾಸಿಡರ್, ಫಿಯೆಟ್. ಅವುಗಳ ನಡುವೆ ತುರಂಗ ಹಾದುಹೋದರೆ ಜನ ತಿರುಗಿ ನೋಡುತ್ತಿದ್ದರು. ದುಂಡು ದೀಪಗಳ ಮೋಟು ಮೂಗಿನ ಆ ಕಾರನ್ನು ಕಂಪನಿಯವರು ಆ ವರ್ಷ ಪೂರ್ತಿ ಬದಲಿಸಿ ಬಿಟ್ಟಿದ್ದರು. ಉದ್ದ ಮೂಗು, ಚೌಕ ದೀಪ, ಕಪ್ಪು ಪ್ಲಾಸ್ಟಿಕ್ಕಿನ ಬಂಪರ್, ಐದು ಗೇರು. ಜಾಹೀರಾತಿನಲ್ಲಿ ಅದಕ್ಕೆ 'ಸ್ಪೋರ್ಟ್ಸ್ ಸೆಡಾನ್' ಎಂಬ ಬಿರುದು. ಭಟ್ಕಳದಿಂದ ಕುಮಟೆಯವರೆಗೆ ಕಾರಿನ ಹುಚ್ಚು ಹಿಡಿದವರೆಲ್ಲ ಆ ಮಳೆಗಾಲದಲ್ಲಿ ಎರಡು ಪಕ್ಷವಾಗಿದ್ದರು.

ಪರಮೇಶ್ವರಿಯ ಅಪ್ಪ ದುರ್ಗಪ್ಪ ಮೂವತ್ತು ವರ್ಷದಿಂದ ಡ್ರೈವರ್. ಭಟ್ಕಳದ ಮೀನು ವ್ಯಾಪಾರಿ ಗಣಪ ಸಾಹುಕಾರರ ಹಳೆಯ ತುರಂಗವನ್ನು ಒಂಬತ್ತು ವರ್ಷ ಒಂದು ಗೀರು ಬೀಳದಂತೆ ಓಡಿಸಿದವನು. ಮಗಳನ್ನು ಸಾಹುಕಾರರ ತೆಂಗಿನ ತೋಟದೊಳಗೆ ಕೂರಿಸಿ ಕ್ಲಚ್ಚು ಬಿಡುವುದನ್ನು ಕಲಿಸಿದವನೂ ಅವನೇ. ಸಾಹುಕಾರರು ಹೊಸ ತುರಂಗ ತಂದರು. ಜುಲೈ ತಿಂಗಳ ಒಂದು ಮಧ್ಯಾಹ್ನ ಅವರನ್ನು ಕರೆತರಲು ದುರ್ಗಪ್ಪ ಒಬ್ಬನೇ ಹೊನ್ನಾವರಕ್ಕೆ ಹೊರಟ. ಮಂಕಿಯ ತಿರುವಿನಲ್ಲಿ ಕಾರು ಗಿರಕಿ ಹೊಡೆದು ಗದ್ದೆಗೆ ಬಿತ್ತು. ಅವನ ಬಲಗಾಲು ಎರಡು ಕಡೆ ಮುರಿಯಿತು.

"ನಿದ್ದೆ ಹೊಡೆದಿದ್ದಾನೆ" ಎಂದರು ಸಾಹುಕಾರರು. ಕಾರಿನ ಪಾಪ ಅಲ್ಲ, ವಯಸ್ಸಿನ ಪಾಪ ಎಂದಿತು ಊರು. ಭಟ್ಕಳದ ಪಕ್ಕದ ಮುಟ್ಟಳ್ಳಿಯ ಮನೆಯ ಜಗುಲಿಯಲ್ಲಿ ಕಾಲು ಚಾಚಿ ಕೂತ ಅಪ್ಪ ಮೊದಲು ಸಿಟ್ಟಾದ, ಆಮೇಲೆ ಸುಮ್ಮನಾದ. ಹೋದ ವಾರ ಅವನು ಗೋಡೆ ನೋಡುತ್ತ ಒಂದು ಮಾತು ಹೇಳಿದ್ದ: "ಪರ್ಮಿ, ಕಣ್ಣು ಹತ್ತಿತ್ತೋ ಏನೋ. ಯಾರು ಬಲ್ಲರು."

ಅದೇ ಮಾತು ಅವಳನ್ನು ಈ ಗ್ಯಾರೇಜಿಗೆ ತಂದಿತ್ತು.

ಅದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಜಟ್ಟ ಕೈ ಒರೆಸಿಕೊಂಡ. ಒಂದೇ ಬಟ್ಟೆಯಲ್ಲಿ ಒಂದೇ ಬೆರಳನ್ನು ಎಷ್ಟು ಹೊತ್ತು ಒರೆಸಿದನೋ.

"ತಪ್ಪಾತು" ಎಂದ. "ಎತ್ತಿನಗಾಡಿ ಮಾತು ಬರೀಬಾರದಿತ್ತು. ಆದ್ರೆ ಕಾರಿನ ವಿಷಯಕ್ಕೆ ನಾನು ಬರೆದದ್ದು ಸುಳ್ಳಲ್ಲ. ಡಾಕ್ಟರ್ ರಮಾನಂದರ ಹೊಸ ತುರಂಗವನ್ನು ನಾನೇ ನೋಡ್ಕಣ್ತೆ. ಅದು ಮಳೇಲೂ ರಸ್ತೆಗೆ ಅಂಟಿಕೊಂಡೇ ಓಡ್ತದೆ."

"ಹಾಗಾದ್ರೆ ನನ್ನ ಅಪ್ಪ ನಿದ್ದೆ ಮಾಡಿದ್ದ ಅಂತೀರಿ?"

"ನಾನು ಹಾಗೆ ಹೇಳ್ಳಿಲ್ಲ."

"ಮತ್ತೆ ಎಂತ ಹೇಳಿದ್ರಿ?"

ಅವನು ಅವಳನ್ನು ನೋಡಿದ. ನಗು ಹೋದ ಮೇಲೆ ಆ ಕಣ್ಣುಗಳು ಬೇರೆಯೇ ಇದ್ದವು. ಇಂಜಿನ್ ಸದ್ದಿಗೆ ಕಿವಿಗೊಡುವ ಹಾಗೆ ಅವಳ ಮಾತಿಗೆ ಕಿವಿಗೊಟ್ಟ ಕಣ್ಣುಗಳು. ಪರಮೇಶ್ವರಿಗೆ ಯಾಕೋ ಕೊಡೆಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿಯಬೇಕೆನಿಸಿತು.

"ನಾಡಿದ್ದು ಎರಡನೇ ಭಾನುವಾರ" ಎಂದ ಅವನು. "ಕಾರಿನ ಮರುಳಿನವರೆಲ್ಲ ಇಲ್ಲೇ ಸೇರ್ತಾರೆ. ಬನ್ನಿ. ಅವರೆದುರು ಹೇಳಿ."

"ಬರ್ತೆ" ಎಂದಳು. ಬರುವುದಿಲ್ಲ ಎಂದುಕೊಂಡಿದ್ದಾನೇನೋ ಎಂದು ಮತ್ತೊಮ್ಮೆ ಹೇಳಿದಳು: "ಬಂದೇ ಬರ್ತೆ."

*

ಭಾನುವಾರ ಗ್ಯಾರೇಜಿನ ಮುಂದೆ ಏಳೆಂಟು ಜನ ಇದ್ದರು. ಡಾಕ್ಟರ್ ರಮಾನಂದರ ಬಿಳಿ ಹೊಸ ತುರಂಗ ಮಳೆಹನಿ ಹೊತ್ತು ಮದುಮಗನ ಹಾಗೆ ನಿಂತಿತ್ತು. ಪಕ್ಕದಲ್ಲಿ ಟ್ಯಾಕ್ಸಿ ವೆಂಕಟನ ಹಳೆಯ ತುರಂಗ.

"ಮೂಗು ನೋಡಿ ಇದರದ್ದು, ಶಾರ್ಕ್ ಮೀನಿನ ಹಾಗೆ!" ಎಂದರು ಡಾಕ್ಟರು. "ಐದನೇ ಗೇರಿಗೆ ಹಾಕಿದ್ರೆ ಇಂಜಿನ್ ಸದ್ದೇ ಇಲ್ಲ."

"ಸದ್ದಿಲ್ಲದ ಕಾರು ಓಡ್ಸೂದು ಅಂದ್ರೆ ಉಪ್ಪಿಲ್ಲದ ಸಾರು ಉಂಡಂಗೆ" ಎಂದ ವೆಂಕಟ. "ಆ ಚೌಕ ದೀಪ ನೋಡಿದ್ರೆ ಟೀವಿ ಎರಡು ಕಟ್ಕಂಡು ಬಂದಂಗೆ ಕಾಣ್ತದೆ. ಆ ಬಂಪರೋ, ಬಕೆಟ್ ಕರಗಿಸಿ ಮಾಡಿದ್ದು."

"ಡಿಕ್ಕಿ ನೋಡು ಮಾರಾಯ. ನಿನ್ನ ಕಾರಿಗಿಂತ ಒಂದೂವರೆ ಪಟ್ಟು!"

ನಗೆಯೆದ್ದಿತು. ನಗೆಯ ನಡುವೆ ಪರಮೇಶ್ವರಿ ಬಂದು ನಿಂತಾಗ ಎಲ್ಲರೂ ತಿರುಗಿ ನೋಡಿದರು. ಜಟ್ಟ ಅವಳಿಗೆ ಸ್ಟೂಲು ಎಳೆದುಕೊಟ್ಟ. ಅವಳು ಕೂರಲಿಲ್ಲ.

"ಪತ್ರ ಬರೆದ ನಾಯ್ಕರು ಇವ್ರೇ" ಎಂದ ಜಟ್ಟ.

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. "ತಂಗೀ, ಕಾರು ಓಡಿಸಿದ್ದೀಯಾ?"

"ಹಳೇದು ಓಡಿಸಿದ್ದೇನೆ. ಹೊಸತನ್ನು ಅಪ್ಪ ಓಡಿಸಿದ್ದ. ಬಿದ್ದ ದಿನ ಆಸ್ಪತ್ರೆಯಲ್ಲಿ ಅವನು ಹೇಳಿದ್ದು ಇಷ್ಟು: ತಿರುವಿನಲ್ಲಿ ದನ ಕಂಡಿತು, ಎಕ್ಸಲೇಟರಿನಿಂದ ಕಾಲು ತೆಗೆದೆ, ಹಿಂದಿನಿಂದ ಯಾರೋ ಕಾರನ್ನು ಎಳೆದ ಹಾಗಾಯಿತು. ಬ್ರೇಕು ತುಳಿದಿಲ್ಲ. ಸ್ಪೀಡು ನಲವತ್ತೈದು."

"ನಲವತ್ತೈದರಲ್ಲಿ ಇದು ಜಾರೂದೇ ಇಲ್ಲ" ಎಂದರು ಡಾಕ್ಟರು. "ನಾನು ಹೆಂಡ್ತಿ ಮಕ್ಕಳನ್ನ ಕೂರಿಸ್ಕಂಡು ಮೊನ್ನೆಯಷ್ಟೇ ಅಲ್ಲೇ ಹೋಗಿ ಬಂದೆ."

"ಹಾಗಾದ್ರೆ ಈಗ ಹೋಗ್ವ. ಅದೇ ತಿರುವಿಗೆ. ಮಳೆಯೂ ಇದೆ."

ಎಲ್ಲರೂ ಜಟ್ಟನ ಮುಖ ನೋಡಿದರು. ಅವನು ಅವಳ ಮುಖ ನೋಡಿದ. "ಆತು" ಎಂದ.

ಡಾಕ್ಟರ ಬಿಳಿ ತುರಂಗದಲ್ಲಿ ಕುಮಟೆಯಿಂದ ಹೊನ್ನಾವರ, ಶರಾವತಿ ದಾಟಿ ಮಂಕಿ. ದಾರಿಯುದ್ದಕ್ಕೂ ಜಟ್ಟನ ಪಕ್ಕ ಕೂತ ಅವಳು ಗೇರು ಬದಲಿಸುವ ಅವನ ಕೈಯನ್ನು ಮಾತ್ರ ನೋಡುತ್ತಿದ್ದಳು. ಒರಟು ಕೈ. ಆದರೆ ಗೇರಿನ ಗುಂಡಿಯನ್ನು ಮೊಟ್ಟೆ ಹಿಡಿದ ಹಾಗೆ ಹಿಡಿಯುತ್ತಿತ್ತು. ಅಪ್ಪನೂ ಹಾಗೇ ಹಿಡಿಯುವುದು. ಅದು ನೆನಪಾದದ್ದೇ ತಡ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಎಂತ ನೋಡ್ತಿದ್ರಿ?" ಅವನು ಮೆಲ್ಲಗೆ ಕೇಳಿದ.

"ನೀವು ಎಕ್ಸಲೇಟರು ಸರಿಯಾಗಿ ಬಿಡ್ತ್ರೋ ಇಲ್ವೋ ಅಂತ."

"ಕಾಲಿರೂದು ಕೆಳಗೆ. ನೀವು ಕೈ ನೋಡ್ತಿದ್ರಿ."

ಅವಳ ಕಿವಿ ಬಿಸಿಯಾಯಿತು. ಹಿಂದಿನ ಸೀಟಿನಲ್ಲಿ ಡಾಕ್ಟರೂ ವೆಂಕಟನೂ ಪ್ಲಾಸ್ಟಿಕ್ ಬಂಪರಿನ ಜಗಳದಲ್ಲಿ ಮುಳುಗಿದ್ದರು. ಸದ್ಯ, ಯಾರಿಗೂ ಕೇಳಿಸಲಿಲ್ಲ.

ಮಂಕಿಯ ತಿರುವಿನಲ್ಲಿ ರಸ್ತೆ ಎಡಕ್ಕೆ ಹೊರಳುತ್ತದೆ. ಒಂದು ಕಡೆ ತೆಂಗು, ಇನ್ನೊಂದು ಕಡೆ ಆಳುದ್ದ ಕೆಳಗೆ ಗದ್ದೆ. ಜಟ್ಟ ನಲವತ್ತೈದರಲ್ಲಿ ಬಂದು, ನಡು ತಿರುವಿನಲ್ಲಿ ಕಾಲು ತೆಗೆದ. ಕಾರು ಸ್ವಲ್ಪ ತಗ್ಗಿ, ಶಿಸ್ತಾಗಿ ತಿರುವು ಮುಗಿಸಿತು. ತಿರುಗಿಸಿ ತಂದು ಐವತ್ತರಲ್ಲಿ ನೋಡಿದ. ಐವತ್ತೈದರಲ್ಲಿ ನೋಡಿದ. ಏನೂ ಆಗಲಿಲ್ಲ.

"ನೋಡು ತಂಗೀ" ಎಂದರು ಡಾಕ್ಟರು, ಗೆದ್ದ ದನಿಯಲ್ಲೇನೂ ಅಲ್ಲ, ಕನಿಕರದಿಂದ. ಆ ಕನಿಕರವೇ ಅವಳನ್ನು ಹೆಚ್ಚು ಸುಟ್ಟಿತು.

ಕಾರು ರಸ್ತೆಯಂಚಿಗೆ ನಿಂತಿತ್ತು. ವೈಪರು ಆಚೆಗೂ ಈಚೆಗೂ ಹೋಗುತ್ತಿತ್ತು. ಅಪ್ಪ ನಿದ್ದೆ ಮಾಡಿದ್ದನೇ? ನಿಜವಾಗಿಯೂ? ಕಣ್ಣಂಚಿಗೆ ಬಂದ ನೀರನ್ನು ನುಂಗಿಕೊಂಡು ಅವಳು ಆ ದಿನವನ್ನು ಮತ್ತೊಮ್ಮೆ ಮೊದಲಿನಿಂದ ನೆನೆದಳು. ಅಪ್ಪ ಉಂಡದ್ದು, ಕೊಡೆ ಮರೆತು ಹೋದದ್ದು, ಹೊರಟದ್ದು. ಒಬ್ಬನೇ ಹೊರಟದ್ದು.

"ಅಪ್ಪ ಒಬ್ಬನೇ ಇದ್ದ" ಎಂದಳು.

ಯಾರಿಗೂ ಅರ್ಥವಾಗಲಿಲ್ಲ.

"ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಡಿಕ್ಕಿ ಖಾಲಿ. ಈಗ ನಾವು ನಾಲ್ಕು ಜನ. ಡಿಕ್ಕಿಯಲ್ಲಿ ಎಂತ ಉಂಟು?"

"ನನ್ನ ಟೂಲ್ ಪೆಟ್ಟಿಗೆ. ಜಾಕ್" ಎಂದ ಜಟ್ಟ. ಹೇಳುತ್ತಿದ್ದವನು ತಟಕ್ಕನೆ ನಿಲ್ಲಿಸಿದ. ಇಳಿದುಹೋಗಿ ಡಿಕ್ಕಿ ತೆರೆದು ನೋಡಿದ, ಮುಂದೆ ಬಂದು ಬಾನೆಟ್ ಎತ್ತಿ ನೋಡಿದ. ಮಳೆಯಲ್ಲಿ ನೆನೆಯುತ್ತ ಬಹಳ ಹೊತ್ತು ಹಾಗೇ ನಿಂತ.

"ಸ್ಟೆಪ್ನಿ" ಎಂದ ಕೊನೆಗೆ. "ಹಳೇ ತುರಂಗದಲ್ಲಿ ಸ್ಟೆಪ್ನಿ ಡಿಕ್ಕಿ ಒಳಗೆ. ಇದರಲ್ಲಿ ಡಿಕ್ಕಿ ದೊಡ್ಡದು ಮಾಡ್ಬೇಕು ಅಂತ ಸ್ಟೆಪ್ನಿ ತಂದು ಬಾನೆಟ್ ಕೆಳಗೆ ಇಟ್ಟಿದ್ದಾರೆ. ಇಂಜಿನ್ನೂ ಭಾರದ್ದು. ಒಬ್ಬನೇ ಕೂತ್ರೆ ಹಿಂದೆ ಭಾರವೇ ಇಲ್ಲ. ನಾನು ದಿನಾ ಕಣ್ಣಾರೆ ನೋಡ್ತಿದ್ದೆ, ತಲೆಗೆ ಹೋಗ್ಲಿಲ್ಲ." ಅವನು ಪೆಟ್ಟಿಗೆಯನ್ನೂ ಜಾಕನ್ನೂ ರಸ್ತೆಯಂಚಿಗೆ ಇಳಿಸಿದ. "ಎಲ್ಲಾ ಇಳೀರಿ."

"ಬೇಡ ಜಟ್ಟ" ಎಂದರು ಡಾಕ್ಟರು. ಅವರ ಮುಖದ ಬಣ್ಣ ಇಳಿದಿತ್ತು. "ಕಾರು ಹಾಳಾಗ್ಲಿ, ನಿನಗೆ ಏನಾದ್ರೂ ಆದ್ರೆ?"

ಪರಮೇಶ್ವರಿ ಇಳಿಯಲಿಲ್ಲ. ಅವನು ಬಾಗಿಲ ಬಳಿ ಬಂದು ಬಗ್ಗಿದ.

"ಇಳೀರಿ ಪರಮೇಶ್ವರಿ. ಒಬ್ಬನೇ ಇರಬೇಕಲ್ಲ."

"ನಲವತ್ತೈದು ಬೇಡ. ಮೂವತ್ತೈದಕ್ಕೆ ನೋಡಿ."

"ನಿಮ್ಮಪ್ಪ ಮೂವತ್ತೈದಕ್ಕೆ ಬಿದ್ದದ್ದಲ್ಲ."

ಅವಳು ಇಳಿದಳು.

ಕಾರು ಹಿಂದಕ್ಕೆ ಹೋಗಿ ತೆಂಗಿನ ಮರಗಳ ಮರೆಯಾಯಿತು. ರಸ್ತೆಯಂಚಿನಲ್ಲಿ ನಿಂತ ಅವಳಿಗೆ ಮಳೆಯ ಸದ್ದೊಂದೇ ಕೇಳುತ್ತಿತ್ತು. ಅಪ್ಪನ ಹೆಸರು ಉಳಿಸಲು ಒಬ್ಬ ಗುರುತಿಲ್ಲದವನನ್ನು ಅದೇ ಗದ್ದೆಗೆ ಕಳಿಸುತ್ತಿದ್ದೇನೆಯೇ? ಗುರುತಿಲ್ಲದವನು. ಆ ಪದ ಮನಸ್ಸಿನಲ್ಲಿ ನಿಲ್ಲಲಿಲ್ಲ. ಒಂದೇ ಬೆರಳನ್ನು ಒರೆಸುತ್ತ ನಿಂತಿದ್ದವನು ಅವನು. 'ತಪ್ಪಾತು' ಅಂದವನು. ದೇವರೇ, ಕಾರು ಜಾರದೇ ಹೋಗಲಿ. ಅಪ್ಪ ನಿದ್ದೆ ಮಾಡಿದ್ದ ಅಂತಲೇ ಆಗಲಿ.

ಹಾಗೆ ಅಂದುಕೊಂಡದ್ದಕ್ಕೆ ತಾನೇ ಬೆಚ್ಚಿದಳು.

ಇಂಜಿನ್ನಿನ ಸದ್ದು ಹತ್ತಿರವಾಯಿತು. ಬಿಳಿಯ ಮೂಗು ತಿರುವಿಗೆ ಬಂತು. ಸದ್ದು ತಟಕ್ಕನೆ ತಗ್ಗಿತು, ಕಾಲು ತೆಗೆದ. ಅಷ್ಟೇ, ಕಾರಿನ ಹಿಂಭಾಗ ಯಾರೋ ಒದ್ದ ಹಾಗೆ ಬಲಕ್ಕೆ ಹಾರಿತು. ಚಕ್ರಗಳು ಚೀರಲೂ ಇಲ್ಲ. ಕಾರು ಅಡ್ಡವಾಯಿತು, ತಿರುಗಿತು, ಬಂದ ದಾರಿಗೇ ಮುಖಮಾಡಿ ಹಿಮ್ಮುಖವಾಗಿ ಜಾರಿತು. ಹಿಂದಿನ ಒಂದು ಚಕ್ರ ಗದ್ದೆಯ ಮೇಲೆ ಗಾಳಿಯಲ್ಲಿ ಸುತ್ತುತ್ತ ನಿಂತಿತು.

ಅವಳು ಓಡಿದಳು. ಒಂದು ಚಪ್ಪಲಿ ಎಲ್ಲಿ ಬಿತ್ತೋ ತಿಳಿಯಲಿಲ್ಲ.

ಅವನು ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಕೂತಿದ್ದ. ತುಟಿ ಒಡೆದು ಸಣ್ಣಗೆ ರಕ್ತ. ಬಾಗಿಲು ತೆರೆದ ಅವಳನ್ನು ಗುರುತಿಸಲು ಅವನಿಗೆ ಒಂದು ಕ್ಷಣ ಬೇಕಾಯಿತು.

"ನಿಮ್ಮಪ್ಪ ನಿದ್ದೆ ಮಾಡಿರ್ಲಿಲ್ಲ" ಎಂದ.

ಅವಳು ಅವನ ತೋಳು ಹಿಡಿದು ಹೊರಗೆಳೆದಳು. ಆಮೇಲೂ ಬಿಡಲಿಲ್ಲ. ಜೋರಾಗಿ ಅಳು ಬಂತು. ಅಪ್ಪನಿಗಾಗಿಯೋ, ಇವನಿಗಾಗಿಯೋ ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವಳಿಗೇ ಗೊತ್ತಾಗುತ್ತಿರಲಿಲ್ಲ.

*

ಮರುದಿನ ಜಟ್ಟ ಮುಟ್ಟಳ್ಳಿಗೆ ಬಂದ. ಒಗೆದ ಅಂಗಿ, ಬಾಚಿದ ತಲೆ. ಜಗುಲಿಯ ಮೆಟ್ಟಿಲ ಮೇಲೆ ಕೂತು ದುರ್ಗಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ.

"ನಮ್ಮದು ದೋಣಿ ಮನೆ, ಮೀನು ಹಿಡಿಯೋರು. ನಾನು ಮೊದಲು ಕಲಿತದ್ದು ಬೋಟಿನ ಇಂಜಿನ್. ದೋಣೀಲಿ ಹಿಂದಿನ ಭಾರ ತೆಗೆದು ಮುಂದೆ ಹಾಕಿದ್ರೆ ಹಿಂಬದಿ ನೀರು ಕಚ್ಚೂದಿಲ್ಲ, ಹೇಳಿದ ಮಾತು ಕೇಳೂದಿಲ್ಲ. ಇದೂ ಹಾಗೇ ಆಗಿತ್ತು. ಹಳೇ ತುರಂಗದಲ್ಲಿ ತಿರುವಿನಲ್ಲಿ ಕಾಲು ತೆಗೂದು ಸರಿ. ನೀವು ಮೂವತ್ತು ವರ್ಷ ಮಾಡಿದ್ದನ್ನೇ ಮಾಡಿದ್ರಿ. ಕಾರು ಬದಲಾಗಿತ್ತು."

ದುರ್ಗಪ್ಪ ತೊಡೆಯ ಮೇಲಿದ್ದ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಹಿಂದಿನಿಂದ ಎಳೆದಂಗಾಯ್ತು ಅಂದೆ. ಯಾರೂ ನಂಬ್ಲಿಲ್ಲ ತಮ್ಮಾ" ಎಂದ. ಮುಖವನ್ನು ಹೆಗಲ ಟವೆಲಿನಲ್ಲಿ ಮುಚ್ಚಿಕೊಂಡ.

ಪರಮೇಶ್ವರಿ ಒಳಗಿನ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದಳು. ಅಪ್ಪ ಅಳುವುದನ್ನು ನೋಡಬಾರದೆಂದು ಜಟ್ಟ ತಲೆ ತಗ್ಗಿಸಿ ಅಂಗಳದ ಕೋಳಿಗಳನ್ನು ನೋಡುತ್ತಿದ್ದ. ಆ ತಗ್ಗಿದ ತಲೆಯನ್ನು ನೋಡಿದ ಗಳಿಗೆಯಲ್ಲಿ ಅವಳ ಒಳಗೆ ಏನೋ ತೀರ್ಮಾನವಾಗಿಹೋಯಿತು.

ಹೊರಡುವಾಗ ಅವನು ಬೇಲಿಯ ಬಳಿ ನಿಂತು, "ಮಾಸಿಕಕ್ಕೆ ಬರೀತೆ. ನಾನು ಬರೆದದ್ದು ತಪ್ಪು ಅಂತ. ಸ್ಟೆಪ್ನಿ ವಿಷಯನೂ" ಎಂದ.

ನಾಲ್ಕು ದಿನದ ಮೇಲೆ, ಅಪ್ಪನ ಕಾಲು ತೋರಿಸಲು ಕುಮಟೆಗೆ ಹೋದಾಗ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು.

"ತಂಗೀ, ನಿನಗೆ ಗೊತ್ತಿರಲಿಕ್ಕಿಲ್ಲ. ತುರಂಗದ ಕಂಪನಿಯವರು ಇಡೀ ಜಿಲ್ಲೆಗೆ ಒಂದೇ ಸರ್ವೀಸ್ ಸ್ಟೇಷನ್ ಕೊಡೂದು. ಅದು ಜಟ್ಟನಿಗೇ ಅಂತ ಬಾಯ್ಮಾತಲ್ಲಿ ಆಗಿದೆ. ಬರೂ ತಿಂಗಳು ಅವರ ಮನುಷ್ಯ ಸಹಿ ಮಾಡಿಸ್ಕಂಬಕ್ಕೆ ಬರ್ತಾನೆ. ಮೂರು ವರ್ಷದಿಂದ ಇದಕ್ಕೇ ಕಾದವನು ಅವ. ಈಗ ಈ ಪತ್ರ ಅಚ್ಚಾದ್ರೆ ಕೊಡ್ತಾರಾ?"

ಅವಳು ಅಪ್ಪನನ್ನು ದವಾಖಾನೆಯಲ್ಲಿ ಕೂರಿಸಿ ಗ್ಯಾರೇಜಿಗೆ ಹೆಚ್ಚುಕಡಿಮೆ ಓಡಿಯೇ ಹೋದಳು. ಅವನು ಮೇಜಿನ ಮೇಲೆ ಲಕೋಟೆಗೆ ಅಂಟು ಹಚ್ಚುತ್ತಿದ್ದ. ಬಾಗಿಲಲ್ಲಿ ಅವನ ಅವ್ವಿ ತಿಮ್ಮಿ ಖಾಲಿ ಮೀನಿನ ಬುಟ್ಟಿ ಪಕ್ಕಕ್ಕಿಟ್ಟು ಕೂತಿದ್ದಳು. ಪೇಟೆಯಲ್ಲಿ ಮೀನು ಮಾರಿ ಮನೆಗೆ ಹೋಗುವ ದಾರಿಯಲ್ಲಿ ಮಗನ ಬಳಿ ಒಂದು ಗಳಿಗೆ ಕೂರುವುದು ಅವಳ ರೂಢಿ.

"ಕೊಡಿ ಅದನ್ನ" ಎಂದಳು ಪರಮೇಶ್ವರಿ.

"ಎಂತಕೆ?"

"ಹಾಕೂದು ಬೇಡ. ಅಪ್ಪನಿಗೆ ನಿಜ ಗೊತ್ತಾತು. ನಂಗೆ ಅಷ್ಟು ಸಾಕು. ಊರಿನವರು ಎಂತ ಬೇಕಾದ್ರೂ ಅಂದ್ಕಳ್ಳಲಿ."

"ಡಾಕ್ಟರು ಹೇಳಿದ್ರಾ?"

ಅವಳು ಸುಮ್ಮನೆ ಕೈ ಚಾಚಿದಳು. ಅವನು ಲಕೋಟೆಯನ್ನು ಬೆನ್ನ ಹಿಂದಕ್ಕೆ ಒಯ್ದ. ಹುಡುಗಾಟದಂತೆ ಕಂಡರೂ ಮುಖದಲ್ಲಿ ಹುಡುಗಾಟವಿರಲಿಲ್ಲ.

"ಈ ಕಾರು ಇನ್ನೆಷ್ಟು ಊರಲ್ಲಿ ಓಡ್ತಿದ್ಯೋ" ಎಂದ. "ಸಾಹುಕಾರ್ರನ್ನ ಇಳಿಸಿ ಖಾಲಿ ಗಾಡಿ ತರೋರು ಡ್ರೈವರುಗಳೇ. ಡಿಕ್ಕಿಯಲ್ಲಿ ಒಂದು ಮರಳು ಚೀಲ ಹಾಕ್ಕಳ್ಳಿ, ತಿರುವಿನಲ್ಲಿ ಕಾಲು ತೆಗೀಬೇಡಿ ಅಂತ ಅವ್ರಿಗೆ ಯಾರು ಹೇಳೂದು? 'ತಪ್ಪು ಚಕ್ರ ಹಿಡಿದ ಕೈಯದ್ದು' ಅಂತ ಬರೆದವ ನಾನು. ಇನ್ನೊಬ್ಬ ಬಿದ್ದ ದಿನ ನಂಗೆ ನಿದ್ದೆ ಬರ್ತದಾ?"

"ಮತ್ತೆ ನಿಮ್ಮ ಮೂರು ವರ್ಷ?"

"ಇಂಜಿನ್ ಬಿಚ್ಚೂಕೆ ನಂಗೆ ಬೋರ್ಡು ಬೇಡ."

ಬಾಗಿಲಿನಿಂದ ತಿಮ್ಮಿ ಕೂಗಿದಳು: "ತಂಗೀ, ಅವನ ಹತ್ರ ಗುದ್ದಾಡಿ ಪ್ರಯೋಜನ ಇಲ್ಲ. ನಿನ್ನೆಯಿಂದ ನಾನೂ ಹೇಳಿ ಸಾಕಾತು. ಕುಂತ್ಕ, ಬಾಯಾರಿಕೆಗೆ ಎಂತಾದ್ರೂ ಕುಡಿ. ಮಳೇಲಿ ಓಡ್ಕಂಡು ಬಂದೆ, ಹೆಣ್ಣೇ."

ಪರಮೇಶ್ವರಿಗೆ ಆಗ ಗೊತ್ತಾಯಿತು, ಕೊಡೆ ಬಿಚ್ಚಿಯೇ ಇರಲಿಲ್ಲ. ಅವನು ಒಂದು ಒಣ ಬಟ್ಟೆ ಕೊಟ್ಟ. ಬಟ್ಟೆ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೈ ಹಿಂದಕ್ಕೆಳೆದುಕೊಳ್ಳಲು ಸ್ವಲ್ಪ ತಡಮಾಡಿದರು.

"ನಿಮಗೆ ನನ್ನ ಮೇಲೆ ಸಿಟ್ಟು ಬರೂದಿಲ್ವಾ?" ಅವಳು ಕೇಳಿದಳು. "ನಾನು ಬರದೇ ಇದ್ದಿದ್ರೆ..."

"ಬರದೇ ಇದ್ದಿದ್ರೆ" ಎಂದ ಅವನು ಅವಳ ಒದ್ದೆ ಹಣೆಯ ಮೇಲೆ ಅಂಟಿದ್ದ ಒಂದು ಕೂದಲೆಳೆಯನ್ನು ನೋಡಿದ. ಅದನ್ನು ಸರಿಸಬೇಕೆಂದು ಅವನಿಗೆ ಅನಿಸಿದ್ದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಅವ್ವಿ ಬಾಗಿಲಲ್ಲೇ ಇದ್ದಳು. ಪರಮೇಶ್ವರಿ ತಾನೇ ಸರಿಸಿಕೊಂಡಳು.

*

ಪತ್ರ ಅಚ್ಚಾಯಿತು. ಎರಡು ವಾರದಲ್ಲಿ ಕಂಪನಿಯ ಮನುಷ್ಯ ಬಂದ, ಗ್ಯಾರೇಜಿಗೆ ಇಳಿಯದೆ ಕಾರವಾರಕ್ಕೆ ಹೋದ. ಸರ್ವೀಸ್ ಸ್ಟೇಷನ್ನಿನ ಬೋರ್ಡು ಅಲ್ಲಿ ಬೇರೆ ಯಾರದೋ ಬಾಗಿಲಿಗೆ ಬಿತ್ತು. ಆ ಸುದ್ದಿಯನ್ನು ಅವಳಿಗೆ ತಿಳಿಸಲು ಜಟ್ಟ ಬರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ದೀಪಾವಳಿ ಹೋಯಿತು. ಅವನು ಬರಲಿಲ್ಲ.

ಅವನಿಗೆ ಪಶ್ಚಾತ್ತಾಪವಾಗಿದೆ ಎಂದುಕೊಂಡಳು. ತನ್ನ ಮುಖ ನೋಡಿದರೆ ಕಳೆದುಕೊಂಡದ್ದು ನೆನಪಾಗುತ್ತದೆ, ಅದಕ್ಕೇ ಬರುತ್ತಿಲ್ಲ. ಆ ನಡುವೆ ಮುರ್ಡೇಶ್ವರದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಮಾಸ್ತರ. ಅಪ್ಪ ಅವಳ ಮುಖ ನೋಡಿದ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ಈಗ ಬೇಡ" ಎಂದಳು. ಅಪ್ಪ ಇನ್ನೊಮ್ಮೆ ಕೇಳಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಅಂಗಳದಾಚೆ ಹಾರ್ನು ಕೇಳಿತು. ಡಾಕ್ಟರ ಬಿಳಿ ತುರಂಗ. ಇಳಿದವನು ಜಟ್ಟ. ಸ್ವಲ್ಪ ಬಡವಾಗಿದ್ದ. ಅವಳ ಕಡೆ ನೋಡದೆ ನೇರ ದುರ್ಗಪ್ಪನ ಬಳಿ ಹೋಗಿ ಬೀಗದ ಕೈ ಚಾಚಿದ.

"ಡಾಕ್ಟರು ಕೊಟ್ಟು ಕಳಿಸಿದ್ರು. ನೀವು ಓಡ್ಸಿ ನೋಡ್ಬೇಕಂತೆ. ಹೊನ್ನಾವರದ ತನಕ."

ದುರ್ಗಪ್ಪ ಕುಂಟುತ್ತ ಎದ್ದ. ಆರು ತಿಂಗಳಿಂದ ಅವನು ಸ್ಟೇರಿಂಗ್ ಮುಟ್ಟಿರಲಿಲ್ಲ. ಕಾರಿನ ಬಳಿ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ.

"ನಿಂದು ದೋಣಿ ಮನೆ ಅಂದಿದ್ದೆ ಅಲ್ದ ತಮ್ಮಾ?" ಎಂದ, ತಿರುಗಿ ನೋಡದೆ.

"ಹೌದು."

"ನಮ್ಮಲ್ಲಿ ದೋಣಿಯವರ ಸಂಬಂಧ ಇದುವರೆಗೆ ಯಾರೂ ಮಾಡ್ಲಿಲ್ಲ."

ಜಟ್ಟನ ಮುಖ ಕಪ್ಪಿಟ್ಟಿತು. ಅವನು ಆ ಮಾತನ್ನೇ ತೆಗೆದಿರಲಿಲ್ಲ. ಅಪ್ಪನ ಕಣ್ಣಿಗೆ ಅಷ್ಟು ಕಂಡಿತ್ತು ಎಂದು ಇಬ್ಬರಿಗೂ ಆಗಲೇ ಗೊತ್ತಾದದ್ದು.

"ಇದುವರೆಗೆ" ಎಂದ ದುರ್ಗಪ್ಪ ಮತ್ತೆ, ತನಗೇ ಹೇಳಿಕೊಂಡ ಹಾಗೆ. ಡ್ರೈವರ್ ಸೀಟಿನಲ್ಲಿ ಕೂತು ಕಾಲು ಸರಿಮಾಡಿಕೊಂಡ. ಕನ್ನಡಿ ಹೊಂದಿಸಿದ. "ಎಂತ ನಿಂತ್ಕಂಡ್ರಿ? ಹಿಂದೆ ಕೂತ್ಕಳ್ಳಿ, ಇಬ್ಬರೂ. ಈ ಗಾಡಿಗೆ ಹಿಂದೆ ಭಾರ ಬೇಕು."

ಮೊದಲ ಅರ್ಧ ಗಂಟೆ ಇಬ್ಬರೂ ಒಂದೊಂದು ಕಿಟಕಿಯ ಹೊರಗೆ ನೋಡಿದರು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಮಂಕಿಯ ತಿರುವು ಬಂತು. ಅಪ್ಪನ ಕತ್ತಿನ ನರ ಬಿಗಿಯುವುದು ಅವಳಿಗೆ ಕಂಡಿತು. ಅಪ್ಪ ಕಾಲು ತೆಗೆಯಲಿಲ್ಲ. ಕಾರು ಗೆರೆ ಎಳೆದ ಹಾಗೆ ತಿರುವು ದಾಟಿತು. ಆಗ ನೋಡಿದಳು, ತನ್ನ ಕೈ ಜಟ್ಟನ ಕೈಯೊಳಗಿತ್ತು. ಯಾರು ಯಾರ ಕೈ ಹಿಡಿದದ್ದೋ.

ಹೊನ್ನಾವರದಲ್ಲಿ ಶರಾವತಿಯ ದಡಕ್ಕೆ ಕಾರು ನಿಲ್ಲಿಸಿ, ಅಪ್ಪ ಚಹಾದಂಗಡಿಯ ಕಡೆ ಕುಂಟುತ್ತ ಹೋದ. ಬೇಕೆಂದೇ ನಿಧಾನವಾಗಿ ಹೋದ.

"ಎಂತಕೆ ಬರ್ಲಿಲ್ಲ ಇಷ್ಟು ದಿನ?" ಅವಳ ಸಿಟ್ಟು ಈಗ ಹೊರಬಂತು.

"ಬಂದ್ರೆ ಎಂತ ಹೇಳೂದು? ಬೋರ್ಡು ಹೋತು ಅಂತ ಹೇಳಿದ್ರೆ ನಿಮಗೆ ಪಾಪ ಅನಿಸ್ತದೆ. ಪಾಪ ಅನಿಸಿ ನೀವು ಹೂಂ ಅಂದ್ರೆ?" ಅವನು ನದಿಯ ಕಡೆ ನೋಡುತ್ತ ಹೇಳಿದ. "ನಂಗೆ ಹಾಗೆ ಬೇಡಾಗಿತ್ತು."

"ಎಂತಕ್ಕೆ ಹೂಂ ಅನ್ನೂದು? ನೀವು ಕೇಳಿದ್ದು ಯಾವಾಗ?"

ಅವನು ತಿರುಗಿದ. ಕಾರಿನ ಗುಣದೋಷಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದವನು ಈಗ ಒಂದೊಂದೇ ಪದ ಹುಡುಕಿದ.

"ಮೊದಲ ದಿನ ನೀವು ಮುಖ ನೋಡೂಕೆ ಬಂದೆ ಅಂದ್ರಿ" ಎಂದ ಕಷ್ಟಪಟ್ಟು. "ನಂಗೆ ಆ ದಿನದಿಂದ ಬೇರೆ ಮುಖ ಕಾಣ್ಲಿಲ್ಲ. ನನ್ನ ಮದುವೆ ಆಗ್ತ್ರಾ ಪರಮೇಶ್ವರಿ?"

ನಾಲ್ಕು ತಿಂಗಳು ಕಾಯಿಸಿದವನು ನಾಲ್ಕು ನಿಮಿಷ ಕಾಯಲಿ ಎಂದು ನದಿಯನ್ನು ನೋಡಿದಳು, ದೋಣಿಗಳನ್ನು ನೋಡಿದಳು. ಓರೆಗಣ್ಣಿಗೆ ಅವನ ಕೊರಳ ಗಂಟು ಮೇಲೆ ಕೆಳಗೆ ಆಗುವುದು ಕಂಡು ನಗು ತಡೆಯಲಾಗಲಿಲ್ಲ.

"ಅವ್ವಿಯನ್ನ ಕರ್ಕಂಡು ಗುರುವಾರ ಮನೆಗೆ ಬನ್ನಿ" ಎಂದಳು.

ಅಪ್ಪ ಮೂರು ಲೋಟ ಚಹಾ ಹಿಡಿದು ಬರುತ್ತಿದ್ದ. ದೂರದಿಂದಲೇ ಇಬ್ಬರ ಮುಖ ನೋಡಿ ನಿಂತ.

"ಮಾತು ಆತಾ?" ಎಂದು ಕೂಗಿದ.

ಜಟ್ಟ ಅವಳ ಕಡೆ ನೋಡಿದ. ಅವಳು ಸೆರಗು ಸರಿಮಾಡಿಕೊಂಡು, ಗಾಳಿಯಲ್ಲೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಆತು ಅಪ್ಪ."